ಪಾಠಯೋಜನೆಯಲ್ಲಿಲ್ಲದ ಅಂಕಣ

ನಮ್ಮಲ್ಲಿ ಕಾದಂಬರಿಗೆ ವಿಮರ್ಶೆ ಬರುತ್ತದೆ, ಕವನ ಸಂಕಲನಕ್ಕೆ ಬರುತ್ತದೆ, ಸಿನಿಮಾಕ್ಕಂತೂ ಬಿಡುಗಡೆಯಾದ ಮಾರನೆಯ ದಿನವೇ ಬರುತ್ತದೆ. ಆದರೆ ಪ್ರತಿ ವರ್ಷ ಈ ನಾಡಿನಲ್ಲಿ ಸಾವಿರಾರು ಮಂದಿ ಕೂತು, ಬೆರಳು ನೋಯಿಸಿಕೊಂಡು ಬರೆಯುವ ಪುಸ್ತಕವೊಂದಿದೆ. ಅದನ್ನು ಯಾರೂ ವಿಮರ್ಶೆ ಮಾಡಿದ್ದನ್ನು ನಾನು ಕಂಡಿಲ್ಲ. ಅದು ಬಿ.ಎಡ್. ವಿದ್ಯಾರ್ಥಿಗಳ ಪಾಠಯೋಜನೆಯ ಪುಸ್ತಕ. ನಿಮ್ಮ ಮನೆಯಲ್ಲಿ ಮಗಳೋ ಸೊಸೆಯೋ ನಾದಿನಿಯೋ ಬಿ.ಎಡ್. ಮಾಡಿದ್ದರೆ ನೀವು ಅದನ್ನು ನೋಡಿಯೇ ಇರುತ್ತೀರಿ. ರಾತ್ರಿ ಹನ್ನೊಂದರವರೆಗೆ ದೀಪ ಉರಿಸಿಕೊಂಡು, ಸ್ಕೇಲು ಇಟ್ಟು ಗೆರೆ ಎಳೆದು, ತಲೆಬರಹಕ್ಕೆ ಒಂದು ಶಾಯಿ, ಒಳಬರಹಕ್ಕೆ ಇನ್ನೊಂದು ಶಾಯಿ ಎಂದು ಅಚ್ಚುಕಟ್ಟಾಗಿ ಬರೆದು, ಮೇಲೆ ರಟ್ಟು ಹಾಕಿ ಒಪ್ಪಿಸುವ ಪುಸ್ತಕ. ಪರೀಕ್ಷೆ ಮುಗಿದ ಮೇಲೆ ಅದು ಅಟ್ಟಕ್ಕೇರುತ್ತದೆ. ಆಮೇಲೆ ಯಾರೂ ಅದನ್ನು ಓದುವುದಿಲ್ಲ, ಬರೆದವಳೂ ಓದುವುದಿಲ್ಲ.

ನಾನು ಓದುತ್ತೇನೆ. ಓದಲೇಬೇಕಾದ ಕೆಲಸ ನನ್ನದು. ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ವರ್ಷಕ್ಕೊಮ್ಮೆ ನಮ್ಮ ಶಾಲೆಗೆ ಬೋಧನಾಭ್ಯಾಸಕ್ಕೆಂದು ಶಿಕ್ಷಕ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಹುಡುಗಿಯರೇ ಹೆಚ್ಚು. ನೆರಿಗೆ ಜಾರದಂತೆ ಪಿನ್ನು ಚುಚ್ಚಿದ ಸೀರೆ, ಕಂಕುಳಲ್ಲಿ ಸುರುಳಿ ಸುತ್ತಿದ ಚಾರ್ಟು, ಗಂಟಲಲ್ಲಿ ಸ್ವಲ್ಪ ನಡುಕ. ಅವರು ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಕೂತು ಕೇಳಿ, ಪುಸ್ತಕದಲ್ಲಿ ಅಭಿಪ್ರಾಯ ಬರೆದು ಸಹಿ ಹಾಕುವುದು ನನ್ನ ಪಾಲಿನ ಕರ್ತವ್ಯ. ಹೀಗೆ ಇಷ್ಟು ವರ್ಷಗಳಲ್ಲಿ ಎಷ್ಟು ಪಾಠಯೋಜನೆಗಳನ್ನು ಓದಿರುವೆನೋ ಲೆಕ್ಕವಿಟ್ಟಿಲ್ಲ. ಈ ಬರಹದಲ್ಲಿ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಆ ಪುಸ್ತಕವನ್ನು. ಹುಡುಗಿಯರನ್ನು ಬಯ್ಯುವ ಉದ್ದೇಶ ಖಂಡಿತ ಇಲ್ಲ. ಅವರು ಹೇಳಿದ್ದನ್ನು ಹೇಳಿದಂತೆ ಮಾಡುತ್ತಾರೆ. ಹೇಳಿಕೊಟ್ಟದ್ದರಲ್ಲಿ ಏನಿಲ್ಲ ಎಂಬುದು ನನ್ನ ಮಾತು.

ಪಾಠಯೋಜನೆಯಲ್ಲಿ ಅಂಕಣಗಳಿರುತ್ತವೆ. ವಿಷಯಾಂಶ ಒಂದು, ಉದ್ದೇಶ ಒಂದು, ಶಿಕ್ಷಕಿ ಮಾಡುವುದು ಒಂದು, ಮಕ್ಕಳು ಮಾಡುವುದು ಒಂದು, ಬೋಧನೋಪಕರಣ ಒಂದು, ಮೌಲ್ಯಮಾಪನ ಒಂದು. ಈ ಅಂಕಣಗಳ ಹಿಂದೆ ದೊಡ್ಡ ದೊಡ್ಡವರ ಚಿಂತನೆಯೇ ಇದೆ. ಪೀಠಿಕೆಯಿಂದ ಆರಂಭಿಸಿ ಅನ್ವಯದವರೆಗೆ ಪಾಠವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮ ಜರ್ಮನಿಯ ಹರ್ಬಾರ್ಟ್ (೧೭೭೬–೧೮೪೧) ಮತ್ತು ಅವನ ಶಿಷ್ಯರದು. ಜ್ಞಾನ, ತಿಳಿವಳಿಕೆ, ಅನ್ವಯ ಎಂದು ಉದ್ದೇಶಗಳನ್ನು ವಿಂಗಡಿಸಿದ್ದು ೧೯೫೬ರಲ್ಲಿ ಅಮೆರಿಕದ ಬ್ಲೂಮ್ ಮತ್ತು ಸಂಗಡಿಗರು. ಐದಾರು ನಿಮಿಷ ಒಂದೇ ಕೌಶಲವನ್ನು ತಿದ್ದಿ ತೀಡುವ ಸೂಕ್ಷ್ಮ ಬೋಧನೆ ೧೯೬೦ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇವುಗಳಿಂದ ಲಾಭವಿಲ್ಲವೆಂದು ನಾನು ಹೇಳಲಾರೆ. ಕಪ್ಪುಹಲಗೆಯ ಮೇಲೆ ನೇರವಾಗಿ ಬರೆಯುವುದು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು, ಹಿಂದಿನ ಬೆಂಚಿನವರ ಕಡೆಗೂ ಕಣ್ಣು ಹಾಯಿಸುವುದು, ಇವೆಲ್ಲ ಕಲಿತೇ ಬರಬೇಕಾದ ವಿದ್ಯೆ. ಅಡುಗೆ ಬಲ್ಲವಳಿಗೂ ಒಲೆ ಹಚ್ಚುವುದು ಗೊತ್ತಿರಬೇಕಲ್ಲವೇ?

ಆದರೆ ಗಣಿತಕ್ಕೂ ಅದೇ ಅಂಕಣ, ವಿಜ್ಞಾನಕ್ಕೂ ಅದೇ ಅಂಕಣ, ಇತಿಹಾಸಕ್ಕೂ ಅದೇ ಅಂಕಣ. ತೊಡಕಿರುವುದು ಇಲ್ಲಿ. ಗಣಿತದಲ್ಲಿ ಉತ್ತರ ಹೇಗೆ ಬಂತೆಂಬುದನ್ನು ಲೆಕ್ಕ ಮಾಡಿ ತೋರಿಸದೆ ವಿಧಿಯಿಲ್ಲ. ವಿಜ್ಞಾನದಲ್ಲಿ ಒಂದು ಪ್ರಯೋಗವಾದರೂ ಇರುತ್ತದೆ, ಲಿಟ್ಮಸ್ ಕಾಗದ ಕೆಂಪಾದದ್ದನ್ನು ಮಗು ಕಣ್ಣಾರೆ ನೋಡುತ್ತದೆ. ಇತಿಹಾಸದಲ್ಲಿ ಮಾತ್ರ ಎಲ್ಲವೂ ಬರೀ ಹೇಳಿಕೆ. ಇಂಥವನು ಇಂಥ ವರ್ಷ ಪಟ್ಟಕ್ಕೆ ಬಂದನು, ಇಂಥವನನ್ನು ಸೋಲಿಸಿದನು, ಕೆರೆಗಳನ್ನು ಕಟ್ಟಿಸಿದನು. ಇದೆಲ್ಲ ನಮಗೆ ಹೇಗೆ ಗೊತ್ತು? ಆ ಪ್ರಶ್ನೆಗೆ ಪಾಠಯೋಜನೆಯಲ್ಲಿ ಅಂಕಣವೇ ಇಲ್ಲ.

ನಮ್ಮ ಪಠ್ಯಪುಸ್ತಕದಲ್ಲಿ ಅದು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಎಂಟನೆಯ ತರಗತಿಯ ಇತಿಹಾಸದ ಮೊದಲ ಪಾಠದ ಹೆಸರೇ ‘ಆಧಾರಗಳು’. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಶಾಸನ, ನಾಣ್ಯ ಎಂದೆಲ್ಲ ಅದರಲ್ಲಿ ಬರುತ್ತದೆ. ಆದರೆ ಆ ಪಾಠದ ಗತಿ ಏನು ಬಲ್ಲಿರಾ? ಜೂನ್ ತಿಂಗಳಲ್ಲಿ, ಅರ್ಧ ಮಕ್ಕಳಿಗೆ ಇನ್ನೂ ಸಮವಸ್ತ್ರ ಬಂದಿರುವುದಿಲ್ಲ, ಮಳೆ ಹಿಡಿದಿರುತ್ತದೆ, ಆಗ ಆ ಪಾಠ ಮುಗಿದುಹೋಗುತ್ತದೆ. ಅಲ್ಲಿಗೆ ಅದರ ಋಣ ತೀರಿತು. ಮುಂದೆ ಕದಂಬರು ಬರುತ್ತಾರೆ, ಚಾಲುಕ್ಯರು ಬರುತ್ತಾರೆ, ಯಾವ ಪಾಠದಲ್ಲೂ ‘ಆಧಾರ’ ಎಂಬ ಮಾತು ಮರಳಿ ಬಾಯಿಗೆ ಬರುವುದಿಲ್ಲ. ಮಗು ಮೂರು ವರ್ಷ ಊಟ ಮಾಡುತ್ತದೆ, ಅಕ್ಕಿ ಎಲ್ಲಿಂದ ಬಂತೆಂದು ಮೊದಲ ವಾರವಷ್ಟೇ ಹೇಳಿರುತ್ತೇವೆ.

ಇದರಿಂದ ಆಗುವ ತೊಂದರೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಹತ್ತನೆಯ ತರಗತಿಯಲ್ಲಿ ಕಿತ್ತೂರು ಚೆನ್ನಮ್ಮನ ಪಾಠವಿದೆ. ಶಿಕ್ಷಕ ವಿದ್ಯಾರ್ಥಿನಿಯರಿಗೆ ಬಲು ಇಷ್ಟದ ಪಾಠ. ಆವೇಶದಿಂದ ಮಾಡಬಹುದು, ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ. ಹೀಗೊಂದು ಪಾಠ ನಡೆಯುತ್ತಿದ್ದಾಗ ಆ ಹುಡುಗಿ ಕಪ್ಪುಹಲಗೆಯ ಮೇಲೆ ಯುದ್ಧದ ಕಾರಣವೆಂದು ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ – ಡಾಲ್‌ಹೌಸಿ’ ಎಂದು ಬರೆದಳು. ನಡುವಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಮಿಸ್, ಡಾಲ್‌ಹೌಸಿ ಬಂದದ್ದು ೧೮೪೮ರಲ್ಲಿ ಅಂತ ಓದಿದ್ದೇವೆ. ಕಿತ್ತೂರಿನ ಯುದ್ಧ ೧೮೨೪ರಲ್ಲಿ. ಅವನ ನೀತಿ ಇಪ್ಪತ್ತನಾಲ್ಕು ವರ್ಷ ಮೊದಲೇ ಇಲ್ಲಿಗೆ ಹೇಗೆ ಬಂತು?” ಎಂದು ಕೇಳಿದಳು. ತರಗತಿ ಒಂದು ಕ್ಷಣ ಸ್ತಬ್ಧವಾಯಿತು. ವಿದ್ಯಾರ್ಥಿ ಶಿಕ್ಷಕಿ ತನ್ನ ಯೋಜನೆಯ ಪುಸ್ತಕ ನೋಡಿದಳು, ಅಲ್ಲಿ ಆ ಪ್ರಶ್ನೆ ಇರಲಿಲ್ಲ. “ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ” ಎಂದಳು.

ಎಂಥ ಪ್ರಶ್ನೆ ಅದು! ಇತಿಹಾಸದ ಶಿಕ್ಷಕಿ ಒಂದಿಡೀ ವರ್ಷ ಕಾದರೂ ಸಿಗದಂಥ ಪ್ರಶ್ನೆ. ಅದನ್ನು ಕೈಗೆತ್ತಿಕೊಂಡಿದ್ದರೆ ಪಾಠಕ್ಕೆ ಪಾಠವೇ ಬೇರೆಯಾಗುತ್ತಿತ್ತು. ೧೮೧೮ರಲ್ಲಿ ಪೇಶ್ವೆಗಳು ಸೋತ ಮೇಲೆ ಕಿತ್ತೂರು ಕಂಪನಿಯ ಅಧೀನಕ್ಕೆ ಬಂದಿತು. ಮಲ್ಲಸರ್ಜ ದೇಸಾಯಿಯ ಮಗ ಶಿವಲಿಂಗರುದ್ರಸರ್ಜ, ಚೆನ್ನಮ್ಮನಿಗೆ ಸವತಿಯ ಮಗ, ೧೮೨೪ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ದತ್ತು ಆಗಿದೆ ಎಂದು ಅರಮನೆಯವರೆಂದರು. ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನು ಸಂಶಯಿಸಿದ, ಬೊಕ್ಕಸಕ್ಕೆ ಮೊಹರು ಹಾಕಿಸಿದ. ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯೇ ಸತ್ತ, ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು ೧೮೨೯ರಲ್ಲಿ ತೀರಿಕೊಂಡಳು. ಆಗ ಮುಂಬಯಿಯ ಗವರ್ನರ್ ಆಗಿದ್ದವನು ಎಲ್ಫಿನ್‌ಸ್ಟನ್. ಡಾಲ್‌ಹೌಸಿ ಹನ್ನೆರಡು ವರ್ಷದ ಬಾಲಕ!

ಹಾಗಾದರೆ ಸಂಬಂಧವೇ ಇಲ್ಲವೇ? ಇದೆ, ಆದರೆ ತಿರುಗುಮುರುಗಾಗಿ ಇದೆ. ಅಧೀನ ಸಂಸ್ಥಾನದ ದತ್ತಕ್ಕೆ ತಮ್ಮ ಒಪ್ಪಿಗೆ ಬೇಕೆಂಬ ಹಟ ಕಂಪನಿಯ ಅಧಿಕಾರಿಗಳಲ್ಲಿ ಮೊದಲಿನಿಂದಲೂ ಇತ್ತು. ಅದನ್ನೇ ಡಾಲ್‌ಹೌಸಿ ಮುಂದೆ ನಿಯಮದಂತೆ ನಡೆಸಿ ೧೮೪೮ರಲ್ಲಿ ಸಾತಾರವನ್ನು, ೧೮೫೪ರಲ್ಲಿ ನಾಗಪುರವನ್ನು, ಝಾನ್ಸಿಯನ್ನು ನುಂಗಿದ. ಝಾನ್ಸಿಯ ರಾಣಿಗೆ ಆದದ್ದು ನಮ್ಮ ಕಿತ್ತೂರಿನ ರಾಣಿಗೆ ಮೂವತ್ತು ವರ್ಷ ಮೊದಲೇ ಆಗಿತ್ತು. ಚೆನ್ನಮ್ಮನನ್ನು ಡಾಲ್‌ಹೌಸಿಯ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಆಕೆ ಎಷ್ಟು ಮುಂಚೆ ಎದ್ದು ನಿಂತಳೆಂಬುದೇ ಮರೆಯಾಗುತ್ತದೆ. ಆಕೆಯ ಹಿರಿಮೆಗೆ ಕುಂದು ತರುವುದು ಪ್ರಶ್ನೆಯಲ್ಲ, ಉರುಹೊಡೆದ ಉತ್ತರ.

ಇನ್ನೊಂದು ಮಾತು. ಕಿತ್ತೂರಿನ ಕತೆಯಲ್ಲಿ ಇಷ್ಟೊಂದು ತಿಂಗಳು ತಾರೀಖುಗಳು ನಮಗೆ ಸಿಕ್ಕಿರುವುದಕ್ಕೆ ಮುಖ್ಯ ಕಾರಣ, ಕಂಪನಿಯ ಅಧಿಕಾರಿಗಳು ಮೇಲಿನವರಿಗೆ ಬರೆದ ಪತ್ರಗಳು. ಎಂದರೆ ಆಕೆಯ ಶತ್ರುಗಳು ಬರೆದಿಟ್ಟದ್ದು. ಶತ್ರು ಬರೆದ ಕಾಗದದಲ್ಲಿ ರಾಣಿ ಹೇಗೆ ಕಾಣುತ್ತಾಳೆ, ನಮ್ಮ ಲಾವಣಿಗಳಲ್ಲಿ ಹೇಗೆ ಕಾಣುತ್ತಾಳೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಹದಿನೈದು ವರ್ಷದ ಮಗುವಿಗೆ ಅರ್ಥವಾಗದೇ? ಖಂಡಿತ ಆಗುತ್ತದೆ. ಅತ್ತೆ ಹೇಳುವ ಜಗಳಕ್ಕೂ ಸೊಸೆ ಹೇಳುವ ಜಗಳಕ್ಕೂ ವ್ಯತ್ಯಾಸ ತಿಳಿಯದ ಮಕ್ಕಳು ನಮ್ಮ ಮನೆಗಳಲ್ಲಿ ಯಾರಿದ್ದಾರೆ?

ಚೆನ್ನಮ್ಮನ ಜೊತೆಜೊತೆಗೇ ನಾವು ಚಿತ್ರದುರ್ಗದ ಒನಕೆ ಓಬವ್ವನ ಹೆಸರನ್ನೂ ಹೇಳುತ್ತೇವೆ. ಶಾಲಾ ವಾರ್ಷಿಕೋತ್ಸವದಲ್ಲಿ ಒಬ್ಬಳು ಚೆನ್ನಮ್ಮನಾದರೆ ಇನ್ನೊಬ್ಬಳು ಒನಕೆ ಹಿಡಿದು ಓಬವ್ವನಾಗುವುದು ಪದ್ಧತಿ. ೨೦೨೧ರಿಂದ ನವೆಂಬರ್ ೧೧ರಂದು ಸರಕಾರವೇ ಓಬವ್ವನ ಜಯಂತಿ ಆಚರಿಸುತ್ತಿದೆ. ಆದರೆ ಇಬ್ಬರ ವಿಷಯ ನಮಗೆ ಗೊತ್ತಾಗಿರುವ ದಾರಿ ಒಂದೇ ಅಲ್ಲ. ಹೈದರಾಲಿ ದುರ್ಗವನ್ನು ವಶಪಡಿಸಿಕೊಂಡದ್ದು ೧೭೭೯ರಲ್ಲಿ, ಅದಕ್ಕೆ ದಾಖಲೆಗಳಿವೆ. ಕಿಂಡಿಯ ಬಳಿ ಒನಕೆ ಎತ್ತಿ ನಿಂತ ಹೆಂಗಸು ಮುಖ್ಯವಾಗಿ ದುರ್ಗದ ಜನರ ಬಾಯಿಮಾತಿನಲ್ಲಿ, ನೆನಪಿನಲ್ಲಿ ಉಳಿದು ಬಂದವಳು. ನಮ್ಮ ವಯಸ್ಸಿನವರಿಗಂತೂ ಓಬವ್ವ ಎಂದೊಡನೆ ಕಣ್ಣ ಮುಂದೆ ಬರುವುದು ೧೯೭೨ರ ‘ನಾಗರಹಾವು’ ಚಿತ್ರದಲ್ಲಿ ಕಾಣಿಸಿಕೊಂಡ ಜಯಂತಿಯವರ ಮುಖ. ಪುಟ್ಟಣ್ಣ ಕಣಗಾಲರ ಆ ಚಿತ್ರ ಬಂದ ಮೇಲೆ ಓಬವ್ವ ಮನೆಮನೆಯ ಮಗಳಾದಳು.

ಇದನ್ನು ತರಗತಿಯಲ್ಲಿ ಹೇಳಬಹುದೇ ಎಂದು ಒಬ್ಬ ವಿದ್ಯಾರ್ಥಿ ಶಿಕ್ಷಕಿ ನನ್ನನ್ನು ಕೇಳಿದಳು. ಅವಳ ದನಿಯಲ್ಲಿ ಭಯವಿತ್ತು. ಹೇಳಿದರೆ ಪಾಲಕರು ಜಗಳಕ್ಕೆ ಬರುತ್ತಾರೆ, ಯಾರೋ ಮೊಬೈಲಿನಲ್ಲಿ ಹಿಡಿದು ಹಾಕುತ್ತಾರೆ, ಕೆಲಸಕ್ಕೇ ಸಂಚಕಾರ ಎಂದಳು. ಅವಳ ಭಯ ಸುಳ್ಳೆಂದು ನಾನು ಹೇಳಲಿಲ್ಲ. ಆದರೆ ಓಬವ್ವ ಇರಲೇ ಇಲ್ಲ ಎಂದು ಹೇಳಬೇಕಾಗಿಲ್ಲ, ಹಾಗೆ ಹೇಳಲು ನಮಗೆ ಆಧಾರವೂ ಇಲ್ಲ ಎಂದೆ. ರಾಜರು ಶಾಸನ ಹಾಕಿಸಿದರು, ಕಂಪನಿಯವರು ಕಾಗದ ಬರೆದರು. ಕಾವಲುಗಾರನ ಹೆಂಡತಿಯ ವಿಷಯ ಬರೆಯುವವರು ಯಾರು? ಅವಳ ಕತೆ ಉಳಿಯಬೇಕಾದರೆ ಜನರ ನಾಲಿಗೆಯ ಮೇಲೆಯೇ ಉಳಿಯಬೇಕು. ಮಕ್ಕಳಿಗೆ ಹೇಳಬೇಕಾದದ್ದು ಇಷ್ಟೇ: ಇದು ಕಾಗದದಿಂದ ಬಂದದ್ದು, ಇದು ನೆನಪಿನಿಂದ ಬಂದದ್ದು, ನೆನಪಿಗೆ ಅದರದೇ ಬೆಲೆಯಿದೆ, ಕಾಗದಕ್ಕೂ ಅದರದೇ ಕುರುಡಿದೆ. ಇಷ್ಟು ಹೇಳಲು ಯಾವ ಮಗುವಿನ ಮನಸ್ಸನ್ನೂ ನೋಯಿಸಬೇಕಾಗಿಲ್ಲ. ಇದನ್ನು ಹೇಳುವ ಧೈರ್ಯ, ಹೇಳುವ ಮಾತಿನ ಹದ, ಇವೆರಡನ್ನು ಅವಳಿಗೆ ಕಲಿಸಬೇಕಾದದ್ದು ತರಬೇತಿ. ಸೂಕ್ಷ್ಮ ಬೋಧನೆಯಲ್ಲಿ ಕಪ್ಪುಹಲಗೆ ಬಳಸುವ ಕೌಶಲವಿದೆ. ಕಷ್ಟದ ಪ್ರಶ್ನೆಯನ್ನು ಎದುರಿಸುವ ಕೌಶಲವನ್ನು ಅವಳು ಎಲ್ಲಿ ಕಲಿಯಬೇಕು?

ನಾನು ಈ ಹುಡುಗಿಯರ ಚಾರ್ಟುಗಳನ್ನೂ ಗಮನಿಸುತ್ತೇನೆ. ಪೇಟೆಯಲ್ಲಿ ದುಡ್ಡು ಕೊಟ್ಟು ತಂದ ನಕಾಶೆ, ರಾಜರ ಚಿತ್ರ, ವಂಶಾವಳಿ. ಅದನ್ನು ಹೊತ್ತುಕೊಂಡು ಬರುವ ದಾರಿಯಲ್ಲೇ, ಹನುಮಂತನ ಗುಡಿಯ ಪಕ್ಕದಲ್ಲಿ ಎಣ್ಣೆ ಸುರಿಸಿಕೊಂಡು ಕಪ್ಪಾದ ಒಂದು ವೀರಗಲ್ಲು ನಿಂತಿರುತ್ತದೆ. ನಿಮ್ಮ ತವರೂರಿನಲ್ಲೂ ಅಂಥದ್ದು ಇದ್ದೀತು, ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಆತ ದೇವರ ಸನ್ನಿಧಿಯಲ್ಲಿ ಕೂತಿರುವುದು. ದನ ಹೊಡೆದುಕೊಂಡು ಹೋದವರೊಡನೆ ಕಾದಾಡಿ ಸತ್ತವನಿರಬಹುದು, ಊರನ್ನು ಕಾಯುತ್ತ ಸತ್ತವನಿರಬಹುದು. ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ವಿಷಯವಿದೆ, ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ವಿಷಯವೂ ಇದೆ. ಮಕ್ಕಳಿಗೆ ಯುದ್ಧ ಮರೆತರೂ ನಾಯಿ ಮರೆಯುವುದಿಲ್ಲ, ನಾಯಿಯ ಬಾಲ ಹಿಡಿದು ಯುದ್ಧವೂ ನೆನಪಿಗೆ ಬರುತ್ತದೆ.

ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ಸೋಜಿಗ. ನಮ್ಮ ಪಾಠಗಳಲ್ಲಿ ಹೆಣ್ಣು ಬರುವುದು ಬಹುಮಟ್ಟಿಗೆ ರಾಣಿಯಾಗಿ, ಅದೂ ಕತ್ತಿ ಹಿಡಿದಾಗ ಮಾತ್ರ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಒಂದು ಶಾಸನದಲ್ಲಿ ಹತ್ತನೆಯ ಶತಮಾನದ ಆರಂಭದ ಜಕ್ಕಿಯಬ್ಬೆ ಇದ್ದಾಳೆ. ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಪದವಿ ಆಕೆಗೆ ಬಂತು. ಆಡಳಿತ ನಡೆಸಿದಳು, ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ವಹಿಸಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು. ಗ್ರಾಮ ಪಂಚಾಯಿತಿಯಲ್ಲಿ ಹೆಂಗಸಿನ ಹೆಸರಿನಲ್ಲಿ ಗಂಡ ಆಡಳಿತ ನಡೆಸುವುದನ್ನು ನೋಡುವ ನಮ್ಮ ಮಕ್ಕಳಿಗೆ ಸಾವಿರ ವರ್ಷದ ಹಿಂದಿನ ಈ ಹೆಂಗಸಿನ ವಿಷಯ ತಿಳಿಯಬೇಡವೇ? ಲಕ್ಕುಂಡಿಯ ಅತ್ತಿಮಬ್ಬೆಯನ್ನು ‘ದಾನಚಿಂತಾಮಣಿ’ ಎಂದು ಒಂದು ಅಂಕದ ಪ್ರಶ್ನೆಯಾಗಿ ಮಕ್ಕಳು ಬಲ್ಲರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದೂ ಬರೆಯುತ್ತಾರೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಓಲೆಗರಿ, ಎಷ್ಟು ಲಿಪಿಕಾರರು, ಎಷ್ಟು ದಿನ ಎಂದು ಒಂದು ಲೆಕ್ಕ ಹಾಕಿಸಿದರೆ ಆ ಒಂದು ಅಂಕ ಬೆಟ್ಟದಷ್ಟಾಗುತ್ತದೆ.

ಮಾಸ್ತಿಕಲ್ಲಿನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಮೇಲೆತ್ತಿದ ಕೈ, ಕೈತುಂಬ ಬಳೆ. ನಾವು ಅರಿಸಿನ ಕುಂಕುಮ ಹಚ್ಚಿ ಮಾಸ್ತಮ್ಮ ಎಂದು ಕೈಮುಗಿಯುತ್ತೇವೆ. ಅದು ಮಹಾಸತಿ ಕಲ್ಲು, ಗಂಡನೊಡನೆ ಬೆಂಕಿಗೆ ಬಿದ್ದವಳ ಕಲ್ಲು ಎಂದು ಎಷ್ಟು ಮಂದಿಗೆ ಗೊತ್ತು? ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ ೧೦೫೭ರ ಶಾಸನದಲ್ಲಿ ದೇಕಬ್ಬೆ ಎಂಬವಳ ಕತೆಯಿದೆ. ತಂದೆ ತಾಯಿ ಬೇಡವೆಂದು ತಡೆದರೂ ಕೇಳದೆ ಬೆಂಕಿ ಹೊಕ್ಕಳೆಂದು ಕಲ್ಲು ಹೇಳುತ್ತದೆ. ಓದಿದರೆ ಹೊಟ್ಟೆ ಕಲಕುತ್ತದೆ. ಇಂಥ ಪಾಠವನ್ನು ಹೆಣ್ಣುಮಕ್ಕಳ ಮುಂದೆ ಹೇಗೆ ಮಾಡುವುದು? ಆದರ್ಶವೆಂದು ಹೊಗಳುವುದು ಒಂದು ತುದಿ, ಅಸಹ್ಯವೆಂದು ಮುಚ್ಚಿಡುವುದು ಇನ್ನೊಂದು ತುದಿ. ನಡುವೆ ಒಂದು ಪ್ರಶ್ನೆ ಇದೆ: ಈ ಕಲ್ಲಿನ ಮಾತು ಯಾರದು? ದೇಕಬ್ಬೆಯದಂತೂ ಅಲ್ಲ, ಕಲ್ಲು ಕೊರೆಯುವ ಹೊತ್ತಿಗೆ ಅವಳು ಇರಲಿಲ್ಲ. ಬರೆಸಿದವರು ಬೇರೆಯವರು, ಬರೆದವರು ಬೇರೆಯವರು. ಅವಳ ಮನಸ್ಸಿನಲ್ಲಿ ಏನಿತ್ತೆಂದು ನಮಗೆ ಹೇಳುವವರು ಯಾರೂ ಇಲ್ಲ. ಈ ಪ್ರಶ್ನೆಯನ್ನು ಕೇಳಲು ಬಲ್ಲ ಹುಡುಗಿ ಮುಂದೆ ತನ್ನ ಪರವಾಗಿ ಬೇರೆಯವರು ಮಾತಾಡಿದಾಗಲೂ ಸುಮ್ಮನಿರಲಾರಳು. ಇತಿಹಾಸದ ಪಾಠದಿಂದ ಹೆಣ್ಣುಮಕ್ಕಳಿಗೆ ಇದಕ್ಕಿಂತ ಹೆಚ್ಚಿನ ಉಪಯೋಗ ನನಗೆ ತೋರದು.

ಹೊಸ ಶಿಕ್ಷಕಿಯರಿಗೆ ಇದನ್ನು ಕಲಿಸಲು ಸಮಯವಿಲ್ಲ ಎಂಬ ಮಾತು ಮೊದಲು ಇತ್ತು. ನಮ್ಮ ಕಾಲದಲ್ಲಿ ಬಿ.ಎಡ್. ಒಂದು ವರ್ಷದ್ದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ೨೦೧೪ರ ನಿಯಮಗಳ ಮೇಲೆ ೨೦೧೫–೧೬ರಿಂದ ಅದು ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯುವ ಅವಧಿಯೂ ಒಟ್ಟು ಇಪ್ಪತ್ತು ವಾರಕ್ಕೆ ಏರಿತು. ನಾನು ಸಂತೋಷಪಟ್ಟೆ. ಆದರೆ ಆ ವಾರಗಳಲ್ಲಿ ತುಂಬಿಕೊಂಡದ್ದು ದಾಖಲೆಗಳು. ಪಾಠಯೋಜನೆಯ ಪುಸ್ತಕದ ಜೊತೆಗೆ ವೀಕ್ಷಣೆಯ ಪುಸ್ತಕ, ಘಟಕ ಪರೀಕ್ಷೆಯ ಪುಸ್ತಕ, ದಿನಚರಿಯ ಪುಸ್ತಕ. ಮಗುವಿನ ಮುಖ ನೋಡುವುದಕ್ಕಿಂತ ಹಾಳೆ ನೋಡುವುದೇ ಹೆಚ್ಚಾಯಿತು. ನಮ್ಮ ಕಡೆಯಿಂದಲೂ ಲೋಪವಿಲ್ಲದಿಲ್ಲ. ಅವರು ಬಂದರೆ ನಮಗೆ ಪೀರಿಯಡ್ ಬಿಡುವಾಯಿತು ಎಂದುಕೊಂಡು ಸ್ಟಾಫ್ ರೂಮಿನಲ್ಲೇ ಉಳಿದು, ಸಂಜೆ ಹತ್ತು ಪಾಠಗಳಿಗೆ ಒಟ್ಟಿಗೆ ‘ಚೆನ್ನಾಗಿದೆ’ ಎಂದು ಬರೆಯುವ ಶಿಕ್ಷಕರು ಇಲ್ಲದಿಲ್ಲ. ‘ಚೆನ್ನಾಗಿದೆ’ ಎಂಬುದು ಅಭಿಪ್ರಾಯವಲ್ಲ, ಅಂಚೆಯ ಮುದ್ರೆ.

ಕೆಲಸಕ್ಕೆ ಸೇರಿದ ಮೇಲಾದರೂ ಬಿಡುವು ಸಿಗುತ್ತದೆಯೇ? ಸಮಾಜ ವಿಜ್ಞಾನವೆಂಬ ಒಂದು ಹೆಸರಿನಡಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ವಿಷಯಗಳು, ಕಲಿಸುವವಳು ಒಬ್ಬಳೇ. ಎಸ್.ಎಸ್.ಎಲ್.ಸಿ.ಯಲ್ಲಿ ಲಿಖಿತ ಪರೀಕ್ಷೆಗೆ ೮೦ ಅಂಕ, ಶಾಲೆಯಲ್ಲೇ ಕೊಡುವ ಆಂತರಿಕ ಅಂಕ ೨೦. ಆ ಇಪ್ಪತ್ತು ಅಂಕ ನಿಜವಾಗಿ ‘ಹೇಗೆ ಗೊತ್ತು’ ಎಂಬ ಪ್ರಶ್ನೆಗೆ ಮೀಸಲಾಗಬಹುದಿತ್ತು. ಊರಿನ ಕಲ್ಲು ನೋಡಿ ಬಾ, ಅಜ್ಜಿಯನ್ನು ಕೇಳಿ ಬಾ ಎನ್ನಬಹುದಿತ್ತು. ಆದರೆ ಆಗುವುದೇನು? ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಅಂಗಡಿಯಿಂದ ಚಿತ್ರ ತಂದು ಅಂಟಿಸಿ, ಇಂಟರ್‌ನೆಟ್ಟಿನಿಂದ ನಾಲ್ಕು ಪುಟ ಇಳಿಸಿ ಒಪ್ಪಿಸುವುದು. ಅದನ್ನು ಮಾಡಿದವರು ಯಾರೆಂದು ನಮಗೆ ತಿಳಿಯದೇ? ಅಂದವಾದ ಅಂಚು ಕಂಡೊಡನೆ ಯಾವ ತಾಯಿಯ ಕೈ ಎಂದು ಗುರುತಿಸುವಷ್ಟು ಅನುಭವ ನಮಗಿದೆ!

ಇಷ್ಟರ ನಡುವೆ ಪಠ್ಯಪುಸ್ತಕಗಳ ವಿಷಯದಲ್ಲಿ ದೊಡ್ಡ ಗಲಾಟೆಗಳಾದವು. ೨೦೨೨ರಲ್ಲಿ ಕೆಲವು ಪಾಠಗಳು ಬದಲಾದವು, ೨೦೨೩ರಲ್ಲಿ ಸರಕಾರ ಬದಲಾಗಿ ಮತ್ತೆ ಕೆಲವು ಬದಲಾದವು. ಯಾವ ಪಾಠ ಇರಬೇಕು, ಯಾವುದು ಬೇಡ ಎಂದು ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಬೀದಿಯಲ್ಲಿ ವಾದವಾಯಿತು. ಆ ವಾದದಲ್ಲಿ ಯಾರ ಪಕ್ಷ ಸರಿ ಎಂದು ಹೇಳಲು ನಾನಿಲ್ಲಿ ಹೊರಟಿಲ್ಲ. ನನಗೆ ಅನ್ನಿಸಿದ್ದು ಒಂದೇ. ಎರಡೂ ಕಡೆಯವರು ಒಂದು ಮಾತನ್ನು ಒಪ್ಪಿಕೊಂಡಂತಿತ್ತು: ಪುಸ್ತಕದಲ್ಲಿ ಏನು ಬರೆದರೆ ಮಗು ಅದನ್ನು ನಂಬುತ್ತದೆ ಎಂಬುದು. ಪಾಠವನ್ನು ಹೇಗೆ ಕಲಿಸಬೇಕು, ಮಗು ಅದನ್ನು ಹೇಗೆ ಒರೆಗೆ ಹಚ್ಚಬೇಕು ಎಂದು ಯಾರೂ ಜಗಳವಾಡಲಿಲ್ಲ. ಆ ಜಗಳವಾದರೂ ಒಮ್ಮೆ ಆಗಬಾರದೇ ಎಂದು ನನಗೆ ಆಸೆ. ಓದಿದ್ದನ್ನು ತೂಗಿ ನೋಡುವ ಅಭ್ಯಾಸವಿರುವ ಮಗುವಿಗೆ ಯಾವ ಸಮಿತಿಯ ಪುಸ್ತಕ ಕೊಟ್ಟರೂ ಅಷ್ಟು ಅಪಾಯವಿಲ್ಲ. ಆ ಅಭ್ಯಾಸವಿಲ್ಲದ ಮಗುವಿಗೆ ಅತ್ಯುತ್ತಮ ಪುಸ್ತಕ ಕೊಟ್ಟರೂ ಅದು ಉರುಹೊಡೆಯುವ ಪುಸ್ತಕವೇ. ಅಂಥವರು ದೊಡ್ಡವರಾದ ಮೇಲೆ ವಾಟ್ಸಾಪಿನಲ್ಲಿ ಬಂದ ಇತಿಹಾಸವನ್ನೆಲ್ಲ ಕಣ್ಣುಮುಚ್ಚಿ ಹತ್ತು ಜನಕ್ಕೆ ಕಳಿಸಿದರೆ ತಪ್ಪು ಯಾರದು?

ಹಾಗೆಂದು ಆಕಾಶಕ್ಕೆ ಏಣಿ ಹಾಕಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಪಾಠಯೋಜನೆಯಲ್ಲಿ ಒಂದು ಅಂಕಣ ಹೆಚ್ಚಿಗೆ ಹಾಕಲಿ. ಅದರ ತಲೆಬರಹ ‘ಇದು ನಮಗೆ ಹೇಗೆ ಗೊತ್ತು?’ ಎಂದಿರಲಿ. ಪ್ರತಿ ಪಾಠಕ್ಕೂ ಅದರಲ್ಲಿ ಎರಡೇ ಸಾಲು ಸಾಕು: ಶಾಸನವೋ, ಪತ್ರವೋ, ನಾಣ್ಯವೋ, ಜನರ ನೆನಪೋ. ಎರಡನೆಯದಾಗಿ, ಬೋಧನಾಭ್ಯಾಸಕ್ಕೆ ಬರುವ ಪ್ರತಿಯೊಬ್ಬಳೂ ಪೇಟೆಯ ಚಾರ್ಟಿನ ಬದಲು ಶಾಲೆಯಿರುವ ಊರಿನ ಒಂದು ಹಳೆಯ ಕುರುಹನ್ನು, ಕಲ್ಲೋ ಬಾವಿಯೋ ಕೋಟೆಯ ತುಂಡೋ, ಆಧಾರವಾಗಿ ಇಟ್ಟುಕೊಂಡು ಒಂದು ಪಾಠವನ್ನಾದರೂ ಮಾಡಲಿ. ಬಿ.ಎಲ್. ರೈಸ್ ಮೊದಲುಗೊಂಡು ವಿದ್ವಾಂಸರು ಊರೂರು ಅಲೆದು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಿವೆ. ೧೮೮೬ರಿಂದ ಅವು ಹೊರಬರುತ್ತ ಬಂದಿವೆ. ಅದರಲ್ಲಿ ನಮ್ಮ ತಾಲ್ಲೂಕಿನ ಭಾಗವನ್ನು ತೆಗೆದು ನೋಡುವುದು ಹೇಗೆಂದು ಕಾಲೇಜಿನಲ್ಲಿ ಒಂದು ಮಧ್ಯಾಹ್ನ ತೋರಿಸಿದರೆ ಸಾಕು. ಮೂರನೆಯದು ನಮ್ಮಂಥ ಹಳಬರ ಕೆಲಸ. ಪಾಠ ಮುಗಿದ ಮೇಲೆ ಹತ್ತು ನಿಮಿಷ ಆ ಹುಡುಗಿಯೊಡನೆ ಕೂತು, ಮಕ್ಕಳು ಇವತ್ತು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಯಾವುದು ಎಂದು ಕೇಳಬೇಕು. ಒಂದೂ ಇಲ್ಲವೆಂದರೆ ಅದೇ ಆ ದಿನದ ಅಭಿಪ್ರಾಯ.

ಕಿತ್ತೂರಿನ ಪಾಠ 'ಕೆಟ್ಟ' ಆ ಹುಡುಗಿಯ ಜೊತೆ ಅಂದು ಹೀಗೆಯೇ ಕೂತಿದ್ದೆ. ಅವಳು ಮರುದಿನ ತರಗತಿಗೆ ಹೋಗಿ, ನಿನ್ನೆಯ ಪ್ರಶ್ನೆಯಿಂದಲೇ ಪಾಠ ಶುರು ಮಾಡಿದಳು. ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ೧೮೨೪ ಒಂದು ತುದಿಗೆ, ೧೮೫೪ ಇನ್ನೊಂದು ತುದಿಗೆ ಬರೆದು, ನಡುವೆ ಏನೇನಾಯಿತೆಂದು ಮಕ್ಕಳಿಂದಲೇ ತುಂಬಿಸಿದಳು. ಚಾರ್ಟು ಇರಲಿಲ್ಲ, ಗಂಟಲಿನಲ್ಲಿ ನಡುಕವೂ ಇರಲಿಲ್ಲ. ಆಕೆ ಈಗ ಬೇರೊಂದು ಜಿಲ್ಲೆಯಲ್ಲಿ ಶಿಕ್ಷಕಿ.

ಕೊನೆಯದಾಗಿ, ಇದನ್ನು ಓದುತ್ತಿರುವ ತಾಯಂದಿರಿಗೆ ಒಂದು ಮಾತು. ಮಗುವಿನ ಪ್ರಾಜೆಕ್ಟಿಗೆ ಅಂಚು ಬರೆದುಕೊಡುವ ಕೈಗೆ ಸ್ವಲ್ಪ ವಿರಾಮ ಕೊಡಿ. ಅದರ ಬದಲು ನಿಮ್ಮ ಟ್ರಂಕಿನ ತಳದಲ್ಲಿರುವ ಹಳೆಯ ಕಾಗದಗಳನ್ನು ಹೊರತೆಗೆಯಿರಿ. ಕಂದಾಯದ ರಸೀದಿ, ಅಜ್ಜಿಯ ಶಾಲೆಯ ಸರ್ಟಿಫಿಕೇಟು, ಮದುವೆಯ ಕರೆಯೋಲೆ, ಯಾವುದಾದರೂ ಸರಿ. ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂದು ಮಗುವನ್ನು ಕೇಳಿ. ನಿಮ್ಮ ಅಜ್ಜಿ ದುಡಿದ ಹೊಲದ ಕಾಗದದಲ್ಲಿ ಅಜ್ಜಿಯ ಹೆಸರು ಇಲ್ಲದಿರಬಹುದು. ಏಕಿಲ್ಲ ಎಂದು ಮಗು ಕೇಳುತ್ತದೆ. ಆ ಪ್ರಶ್ನೆಗೆ ನಿಮಗೆ ಗೊತ್ತಿರುವಷ್ಟು ಹೇಳಿ, ಗೊತ್ತಿಲ್ಲದ್ದನ್ನು ಹಿರಿಯರ ಹತ್ತಿರ ಕೇಳಿ ಬರೆಯಲು ಹೇಳಿ. ಶಾಲೆಗೆ ಅದನ್ನೇ ಕಳಿಸಿ. ಅಂಚು ಇಲ್ಲದಿದ್ದರೂ ಪರವಾಗಿಲ್ಲ, ನಾನು ಇಪ್ಪತ್ತಕ್ಕೆ ಇಪ್ಪತ್ತು ಕೊಡುತ್ತೇನೆ.